ಅಪ್ಪನ ಮೈ ಸವೆಸಿದ್ದು ವಯಸ್ಸೋ, ಬೆಲೆಯೋ?



ಜಗಲಿ ಮೇಲೆ ಕೂತಿರುವ ನಿಮ್ಮ ಅಪ್ಪನನ್ನು ಒಂದು ಸಲ ಸರಿಯಾಗಿ ನೋಡಿ. ಹತ್ತು ವರ್ಷದ ಹಿಂದೆ ಅರಿಶಿನದ ಮೂಟೆ ಹೆಗಲಿಗೇರಿಸುತ್ತಿದ್ದ ಜೀವ ಇವತ್ತು ತುಂಬಿದ ಬಿಂದಿಗೆ ಎತ್ತಲಾರದು. ಕೇಳಿದರೆ "ವಯಸ್ಸಾಯ್ತು ಕನಪ್ಪ" ಅಂತಾರೆ. ನೀವೂ ಹೌದು ಅಂತೀರಿ. ಅದೇ ವಯಸ್ಸಿನ ನಿವೃತ್ತ ಅಧಿಕಾರಿ ಗುಂಡ್ಲುಪೇಟೆಯಲ್ಲಿ ಬೆಳಿಗ್ಗೆ ಬಿರಬಿರನೆ ವಾಕಿಂಗ್ ಹೋಗುತ್ತಾರಲ್ಲ, ಅವರಿಗೆ ವಯಸ್ಸಾಗಿಲ್ಲವೇ?

ವೈದ್ಯರು ಇದಕ್ಕೊಂದು ಅಳತೆ ಇಟ್ಟಿದ್ದಾರೆ. ತಾನಾಗಿ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ತಗ್ಗುವುದು. ಈ 5ರಲ್ಲಿ 3 ಇದ್ದರೆ ಮೈ ಸೋತಿದೆ ಎಂದು 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಹೇಳಿದರು. ಅಂಥ ಮೈಗೆ ಒಂದು ಜ್ವರ, ಒಂದು ಜಾರು ಸಾಕು, ಹಾಸಿಗೆ ಹಿಡಿಸಲು. ಆಸ್ತಿ ಕಡಿಮೆ ಇದ್ದವರಲ್ಲೇ ಇದು ಹೆಚ್ಚು ಎಂಬುದು ಇಂಗ್ಲೆಂಡಿನಂಥ ಸಿರಿವಂತ ದೇಶದಲ್ಲೂ ಕಂಡ ಮಾತು.

ಬೆಲೆ ಮೈಗೆ ಹೇಗೆ ಇಳಿಯುತ್ತದೆ? ನಮ್ಮ ಕಡೆ ಅರಿಶಿನ ಎಂಟೊಂಬತ್ತು ತಿಂಗಳ ಬೆಳೆ. ಕಿತ್ತು, ಬೇಯಿಸಿ, ಒಣಗಿಸಿ ಈರೋಡಿಗೆ ಒಯ್ದರೆ ದರ ಹೇಳುವವನು ಇನ್ನೊಬ್ಬ. ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿ ಅರಿಶಿನವಿಲ್ಲ, ಟೊಮೆಟೊ ಇಲ್ಲ, ಸಣ್ಣ ಈರುಳ್ಳಿಯೂ ಇಲ್ಲ. ದರ ಬಿದ್ದ ವರ್ಷ ಬ್ಯಾಂಕಿನ ಕಂತು ನಿಲ್ಲದು, ಗೊಬ್ಬರದ ಅಂಗಡಿ ಬಾಕಿ ನಿಲ್ಲದು, ಮಕ್ಕಳ ಫೀಸು ನಿಲ್ಲದು. ನಿಲ್ಲುವುದು ಯಾವುದು? "ನಂಗ್ಯಾಕ್ ಬುಡಪ್ಪ ಹಾಲು, ಡೈರಿಗೆ ಹಾಕು" ಅನ್ನುವ ಮುದುಕರ ಲೋಟ. ಹಾಲು ಡೈರಿಗೆ, ಮೊಟ್ಟೆ ಸಂತೆಗೆ. ಅಪ್ಪನಿಗೆ ಮುದ್ದೆ, ತಿಳಿಸಾರು. ಅವ್ವನ ಕಣ್ಣಿನ ಪೊರೆ ಆಪರೇಷನ್ ಮುಂದಿನ ಬೆಳೆಗೆ. ಬಿ.ಪಿ. ಮಾತ್ರೆ ದಿನ ಬಿಟ್ಟು ದಿನ. ಕಾಡಂಚಿನ ಹೊಲವಾದರೆ ಹಂದಿ ಕಾಯಲು ಕೂಲಿಯವರಿಡಲು ಕಾಸಿಲ್ಲ. ಅಟ್ಟಣೆ ಏರುವವರು ಅಪ್ಪನೇ. ಹೊಟ್ಟೆಗೆ ಬೇಳೆ-ಹಾಲು ಇಲ್ಲದ, ಕಣ್ಣಿಗೆ ನಿದ್ದೆ ಇಲ್ಲದ ದುಡಿಮೆ ಕಸರತ್ತಲ್ಲ, ಸವಕಳಿ. ಜಮೀನಿದ್ದ ನಮ್ಮ ಮನೆಯಲ್ಲೇ ಹೀಗಾದರೆ ನಮ್ಮ ಹೊಲದಲ್ಲಿ ಕೂಲಿ ಮಾಡಿ ಮುದಿಯಾದವರ ಪಾಡೇನು?

ಸರ್ಕಾರ ಏನು ಕೊಡುತ್ತದೆ? 80 ದಾಟದ ಬಡ ವೃದ್ಧರಿಗೆ ಕೇಂದ್ರದ ಪಾಲು 2007ರಿಂದ ತಿಂಗಳಿಗೆ 200 ರೂಪಾಯಿಯಲ್ಲೇ ನಿಂತಿದೆ. ರಾಜ್ಯದ ಸಂಧ್ಯಾ ಸುರಕ್ಷಾ 1,200. ಅದಕ್ಕೂ ಆದಾಯದ ಮಿತಿ, ಕಚೇರಿಗೆ ಅಲೆದಾಟ. ನೌಕರರ ತುಟ್ಟಿಭತ್ಯೆಗೆ ವರ್ಷಕ್ಕೆರಡು ಸಲ ಪರಿಷ್ಕರಣೆ. ಬೆಲೆ ಏರುವುದು ಅವರ ಮನೆಗೆ ಮಾತ್ರವೇ? 2019ರಲ್ಲಿ ರೈತರಿಗೆಂದೇ ಕಿಸಾನ್ ಮಾನ್‌ಧನ್ ಪಿಂಚಣಿ ಬಂತು: 60 ತುಂಬಿದ ಮೇಲೆ ತಿಂಗಳಿಗೆ 3,000. ಸೇರಲು ವಯಸ್ಸು 18ರಿಂದ 40. ಅಂದು 40 ಆಗಿದ್ದವರ ಕೈಗೆ ಹಣ 2039ಕ್ಕೆ! ಅಂದೇ ಮುದುಕರಾಗಿದ್ದವರಿಗೆ ಬಾಗಿಲೇ ಇಲ್ಲ. ಆಪರೇಷನ್ನಿಗಾದರೆ ಯಶಸ್ವಿನಿ ಇದೆ. ಬೀಳದ ಹಾಗೆ ನೋಡಿಕೊಳ್ಳುವ ಯೋಜನೆ ಎಲ್ಲಿದೆ?

ಬೆಳೆಯ ಖರ್ಚು ಲೆಕ್ಕ ಹಾಕುವಾಗ ಕೃಷಿ ಬೆಲೆ ಆಯೋಗ ಯಂತ್ರದ ಸವಕಳಿ ಹಿಡಿಯುತ್ತದೆ. ಯಂತ್ರಕ್ಕಿರುವ ಸವಕಳಿ ರೈತನ ಮೈಗೇಕಿಲ್ಲ? ಐವತ್ತು ವರ್ಷ ಕಡಿಮೆ ಬೆಲೆಗೆ ಊರಿಗೆಲ್ಲ ಉಣ್ಣಿಸಿದವರಿಗೆ ಪಿಂಚಣಿ ಭಿಕ್ಷೆಯಲ್ಲ, ಬರಬೇಕಾದ ಬಾಕಿ. ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ಬೆಲೆಯಲ್ಲಿ ಮುಪ್ಪಿನ ಪಾಲು, ತುಟ್ಟಿಭತ್ಯೆಯಂತೆ ಏರುವ ಪಿಂಚಣಿ.

ಅದು ಬರುವವರೆಗೆ, ಇವತ್ತು ಡೈರಿಗೆ ಹೋಗುವ ಮುಂಚೆ ಅಪ್ಪನ ಲೋಟ ತುಂಬಿಸಿ. "ನಂಗ್ಯಾಕ್ ಬುಡಪ್ಪ" ಅಂದರೆ ಬಿಡಬೇಡಿ.