ಕಾವಲಿಗೆ ಹಣ, ನ್ಯಾಯಕ್ಕೆ ವಾಯಿದೆ



ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸಾರ್, ನಮ್ಮೂರಿನ ಎಸ್‌ಪಿ ಕಚೇರಿ ಉಳಿಯಿತೇ, ಹೋಯಿತೇ?" ಎಂದು ವಿಚಾರಿಸಿದ. ಊರು ಬಿಟ್ಟು ಇಪ್ಪತ್ತು ವರ್ಷಗಳಾದರೂ ಅವನಿಗೆ ಈ ಚಿಂತೆ! ಉಳಿದಿದೆಯಪ್ಪಾ ಎಂದೆ. ಆ ಮಾತಿನಿಂದ ಹುಟ್ಟಿದ್ದು ಈ ಬರಹ.

ಉರಿಗಾಮಿನಲ್ಲಿ ಬೆಳೆದವರಿಗೆ ಇದು ತಿಳಿದ ಸಂಗತಿ. ಹೊರಗಿನ ಬಂಧುಗಳಿಗಾಗಿ ಹೇಳುತ್ತೇನೆ. ಕೋಲಾರ ಒಂದೇ ಕಂದಾಯ ಜಿಲ್ಲೆಯಾದರೂ ಅದರೊಳಗೆ ಪೊಲೀಸ್ ಜಿಲ್ಲೆಗಳು ಎರಡು. ಕೆ.ಜಿ.ಎಫ್.ಗೆ ಪ್ರತ್ಯೇಕ ಪೊಲೀಸ್ ವರಿಷ್ಠಾಧಿಕಾರಿ ಇರುವುದು ಗಣಿಯ ಕಾಲದ ಬಳುವಳಿ. ಚಿನ್ನವಿದ್ದಲ್ಲಿ ಕಳ್ಳತನವಿರುತ್ತದೆ, ಅದಕ್ಕೆಂದೇ ಕಾನೂನು, ಅದಕ್ಕೆಂದೇ ಕಾವಲು. 1906ರ ಮೈಸೂರು ಗಣಿ ಕಾಯಿದೆಯ ಹಿಂದೆಯೂ ಈ ಭಯವಿತ್ತು. ಕಾವಲಿಗೆ ಬೇಕಾದ ಹಣಕ್ಕೆ ಆಗ ಯಾರೂ ಕೈ ಬಿಗಿ ಹಿಡಿಯಲಿಲ್ಲ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಕಾಯಬೇಕಾದ ಚಿನ್ನವೇ ಇಲ್ಲವೆಂದ ಮೇಲೆ ಇಷ್ಟೊಂದು ಪೊಲೀಸರೇಕೆ ಎಂಬ ಪ್ರಶ್ನೆ ಆಗಾಗ ಏಳತೊಡಗಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಇಲ್ಲಿನ ಎಸ್‌ಪಿ ಕಚೇರಿಯನ್ನು ಅಲ್ಲಿಗೆ ಸಾಗಿಸುವ ಮಾತು ಬಂದು, ಊರು ಎದ್ದು ನಿಂತಿತು. ನಾನೂ ವಿರೋಧಿಸಿದವರಲ್ಲಿ ಒಬ್ಬ. ಇಂದಿಗೂ ಅದೇ ಅಭಿಪ್ರಾಯ. ಚಿನ್ನ ಹೋಯಿತು, ಜನ ಹೋಗಲಿಲ್ಲವಲ್ಲ! ಆದರೆ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ಎಸ್‌ಪಿ ಕಚೇರಿಗಾಗಿ ಬೀದಿಗಿಳಿದ ನಾವು ನ್ಯಾಯಾಲಯದ ಖಾಲಿ ಕುರ್ಚಿಗಾಗಿ ಎಂದಾದರೂ ಒಂದು ಮನವಿಯನ್ನಾದರೂ ಕೊಟ್ಟಿದ್ದೇವೆಯೇ?

ಇದನ್ನು ನಾನು ಕಲಿತದ್ದು ಸಾಕ್ಷಿಯಾಗಿ. ಮುಖ್ಯೋಪಾಧ್ಯಾಯರ ಪ್ರಭಾರದಲ್ಲಿದ್ದಾಗ ಶಾಲೆಯ ದಾಖಲಾತಿ ಪುಸ್ತಕವನ್ನು ಹಾಜರುಪಡಿಸುವಂತೆ ನನಗೆ ಸಮನ್ಸ್ ಬಂದಿತು. ರಸ್ತೆ ಅಪಘಾತದಲ್ಲಿ ತೀರಿಕೊಂಡವನು ನನ್ನ ವಿದ್ಯಾರ್ಥಿ. ಸತ್ತಾಗ ಅವನಿಗೆ 35 ವರ್ಷವೋ 36 ವರ್ಷವೋ ಎಂಬುದೇ ವಿವಾದ. ಅದರಲ್ಲೇನು ಎಂದು ನನಗೂ ಅನ್ನಿಸಿತ್ತು. ಸರ್ವೋಚ್ಚ ನ್ಯಾಯಾಲಯದ 2009ರ ಸರಳಾ ವರ್ಮ ತೀರ್ಪಿನಂತೆ ಪರಿಹಾರದ ಲೆಕ್ಕದಲ್ಲಿ 31ರಿಂದ 35ರವರೆಗಿನವರಿಗೆ ಗುಣಕ 16, 36ರಿಂದ 40ರವರೆಗಿನವರಿಗೆ 15. ಆ ಒಂದು ಅಂಕಿಯಲ್ಲಿ ಆ ಕುಟುಂಬದ ಒಂದು ವರ್ಷದ ಅನ್ನವಿತ್ತು.

ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಮೊದಲ ಸಲ ನ್ಯಾಯಾಧೀಶರು ರಜೆ. ಎರಡನೆಯ ಸಲಕ್ಕೆ ಅವರಿಗೆ ವರ್ಗವಾಗಿ, ಹುದ್ದೆ ಖಾಲಿ. ಪ್ರಭಾರದಲ್ಲಿದ್ದವರು ತುರ್ತು ವಿಷಯಗಳನ್ನಷ್ಟೇ ನೋಡಿ ಉಳಿದದ್ದಕ್ಕೆ ವಾಯಿದೆ ಕೊಟ್ಟರು. ಮೂರನೆಯ ಸಲ ವಕೀಲರ ಕಲಾಪ ಬಹಿಷ್ಕಾರ. ನಾಲ್ಕನೆಯ ಸಲ ಸಾಕ್ಷ್ಯ ಮುಗಿಯಿತು, ಪಾಟಿ ಸವಾಲೂ ಸೇರಿ ಹತ್ತು ನಿಮಿಷ! ನನಗೇನು, ಸಂಬಳವಿತ್ತು. ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ದುಡಿಯಲು ಹೋಗುತ್ತಿದ್ದ ಅವನ ಹೆಂಡತಿ ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಕಳೆದುಕೊಂಡು ವರಾಂಡದಲ್ಲಿ ನಿಲ್ಲುತ್ತಿದ್ದಳು. ಕೂರಲು ಬೆಂಚೂ ಇರಲಿಲ್ಲ.

ತಪ್ಪು ಯಾರದು? ಅಲ್ಲಿನ ಗುಮಾಸ್ತರನ್ನು ಬೈದು ಫಲವಿಲ್ಲ. ಮೂವರ ಕೆಲಸವನ್ನು ಒಬ್ಬರು ಮಾಡುತ್ತಿದ್ದರು. ಹತ್ತು ಲಕ್ಷ ಜನರಿಗೆ ಹತ್ತೂವರೆಯಷ್ಟಿದ್ದ ನ್ಯಾಯಾಧೀಶರ ಸಂಖ್ಯೆ 50 ಆಗಬೇಕೆಂದು ಕಾನೂನು ಆಯೋಗ ಹೇಳಿದ್ದು 1987ರಲ್ಲಿ. ಐದು ವರ್ಷದೊಳಗೆ ಹಾಗೆ ಮಾಡಿ ಎಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು 2002ರಲ್ಲಿ. ಇಂದಿಗೂ ಅದರ ಅರ್ಧವನ್ನು ಮುಟ್ಟಿಲ್ಲ. ಕೆಳಹಂತದ ನ್ಯಾಯಾಲಯಗಳ ವೆಚ್ಚ ಬಹುಪಾಲು ರಾಜ್ಯದ ಮೇಲೆಯೇ ಬೀಳುತ್ತದೆ. ಕಟ್ಟಡಗಳಿಗೆ ಕೇಂದ್ರ 1993–94ರಿಂದ ಪಾಲು ಕೊಡುತ್ತಿದೆ. ಹಣ ಕೊಟ್ಟರೆ ಸಾಕೇ ಎಂದು ಕೇಳುವವರ ಮಾತಿನಲ್ಲೂ ಹುರುಳಿದೆ. ಹದಿಮೂರನೆಯ ಹಣಕಾಸು ಆಯೋಗ 2010ರಿಂದ 2015ರ ಅವಧಿಗೆ ನ್ಯಾಯಾಂಗಕ್ಕೆಂದು 5000 ಕೋಟಿ ರೂಪಾಯಿ ಶಿಫಾರಸು ಮಾಡಿದರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಳಕೆಯಾಗಲೇ ಇಲ್ಲ. ಕೇಳುವವರಿಲ್ಲದ ಹಣ ಹೀಗೆಯೇ ಉಳಿದುಬಿಡುತ್ತದೆ. ವಕೀಲರ ಬಹಿಷ್ಕಾರವನ್ನಂತೂ ಯಾವ ಆಯೋಗದ ಹಣವೂ ನಿಲ್ಲಿಸಲಾರದು, ಅದು ಬೇರೆ ಮಾತು.

ಪೊಲೀಸರಿಗೆ ಕೊಡುವ ಹಣವನ್ನು ಕಡಿಮೆ ಮಾಡಿ ಎನ್ನುತ್ತಿಲ್ಲ. ಠಾಣೆಯಲ್ಲಿ ದಾಖಲಾದ ಪ್ರಕರಣ ಕೊನೆಗೊಳ್ಳಬೇಕಾದದ್ದು ನ್ಯಾಯಪೀಠದ ಮುಂದೆ. ಅಲ್ಲಿ ಕುರ್ಚಿ ಖಾಲಿಯಿದ್ದರೆ ಠಾಣೆಗೆ ಸುರಿದ ಹಣವೂ ಅರ್ಧ ದಾರಿಯಲ್ಲಿ ನಿಂತಂತೆಯೇ. ಗಣಿ ಕಾರ್ಮಿಕರನ್ನೇ ನೋಡಿ: ಗಣಿ ಮುಚ್ಚಿದ್ದು 2001ರಲ್ಲಿ, ಬಿ.ಜಿ.ಎಂ.ಎಲ್. ಆಸ್ತಿಗೆ ಜಾಗತಿಕ ಟೆಂಡರ್ ಕರೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2013ರಲ್ಲಿ. ಆ ಹನ್ನೆರಡು ವರ್ಷಗಳಲ್ಲಿ ಕಾಲೋನಿಯ ಎಷ್ಟೋ ಹಿರಿಯರು ತೀರಿಕೊಂಡರು.

ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ನಾನು ಒಂದು ಪ್ರಶ್ನೆ ಕೇಳಲಿದ್ದೇನೆ: ನಮ್ಮ ತಾಲ್ಲೂಕಿನ ನ್ಯಾಯಾಲಯಗಳಲ್ಲಿ ಎಷ್ಟು ಹುದ್ದೆ ಖಾಲಿ, ಎಷ್ಟು ತಿಂಗಳಿಂದ? ನೀವೂ ನಿಮ್ಮ ನಿಮ್ಮ ಊರುಗಳಲ್ಲಿ ಕೇಳಿ.

ದೂರವಾಣಿಯಲ್ಲಿ ಆ ವಿದ್ಯಾರ್ಥಿಗೂ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ನಮ್ಮ ಬ್ಯಾಚಿನವನೇ ಅಲ್ಲವೇ ಸಾರ್?" ಎಂದ. ಹೌದು ಎಂದೆ.