ಕಿವಿಗೆ ಬಿದ್ದದ್ದು ನಾಲಿಗೆಗೆ ಬರಲಿ

ನೆರೆಮನೆಯ ಏಳನೆಯ ತರಗತಿಯ ಬಾಲಕಿಯೊಬ್ಬಳು ಕಳೆದ ತಿಂಗಳು ಮುಸ್ಸಂಜೆಯ ಹೊತ್ತಿನಲ್ಲಿ ನನ್ನನ್ನು ಕಂಡು “ಬೊಂಝೂರ್” ಎಂದಳು. ತಂದೆಯ ಮೊಬೈಲಿನಲ್ಲಿ ಎರಡು ಮೂರು ನಿಮಿಷಗಳ ಫ್ರೆಂಚ್ ಪಾಠದ ವಿಡಿಯೊಗಳನ್ನು ನೋಡುತ್ತಿದ್ದಾಳಂತೆ. ತಾಯಿಗೆ ಚಿಂತೆ: “ಕನ್ನಡ ಮಾಧ್ಯಮದ ಹುಡುಗಿ. ಇಂಗ್ಲಿಷೇ ಇನ್ನೂ ತೊಡರುತ್ತದೆ. ಇದೆಲ್ಲ ಅವಳಿಗೆ ಹತ್ತೀತೆ?” ಈ ಪ್ರಶ್ನೆ ನಮ್ಮ ಅನೇಕ ಮನೆಗಳದು.

ಫ್ರೆಂಚ್ ನಮ್ಮ ಕರಾವಳಿಗೆ ಹೊಸತಲ್ಲ. ತಲಶ್ಶೇರಿಯಿಂದ ತುಸು ದಕ್ಷಿಣಕ್ಕಿರುವ ಮಾಹೆಯಲ್ಲಿ 1954ರವರೆಗೆ ಫ್ರೆಂಚರ ಆಡಳಿತವಿತ್ತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆಯುವ ಕಾಸರಗೋಡಿನ ಮಗುವಿಗೆ ಕಿವಿಯಿಂದ ನುಡಿ ಕಲಿಯುವುದೂ ಹೊಸತಲ್ಲ.

ಈ ಪಾಠಗಳಲ್ಲಿ ಬಹಳಷ್ಟು ಇಂಗ್ಲಿಷಿನ ಮೂಲಕ ಕಲಿಸುವಂಥವು. ಆದರೆ ಫ್ರೆಂಚಿಗೆ ಹೋಗಲು ಇಂಗ್ಲಿಷಿನ ಸೇತುವೆಯೇ ಬೇಕೆಂದಿಲ್ಲ. ಫ್ರೆಂಚಿನ ತಕಾರ, ದಕಾರಗಳು ಇಂಗ್ಲಿಷಿನ ಧ್ವನಿಗಳಿಗಿಂತ ನಮ್ಮ ತ, ದಗಳಿಗೇ ಹತ್ತಿರ. ಗೆಳೆಯರಿಗೆ ‘ತು’, ಹಿರಿಯರಿಗೂ ಅಪರಿಚಿತರಿಗೂ ‘ವೂ’ ಎಂಬ ಭೇದವನ್ನು ಇಂಗ್ಲಿಷಿನಲ್ಲಿ ಬಹಳ ವಿವರಿಸಬೇಕಾಗುತ್ತದೆ. ನಮಗೆ ‘ನೀನು’, ‘ನೀವು’ ಎಂದರೆ ಸಾಕು.

ತೊಡಕುಗಳೂ ಇವೆ. ‘ತು’ ಎಂದು ಬರೆದರೂ ಅದರ ಸ್ವರ ನಮ್ಮ ಉಕಾರವಲ್ಲ. ನಾಲಿಗೆಯನ್ನು ‘ಈ’ ಎನ್ನುವಾಗಿನಂತೆ ಇಟ್ಟು, ತುಟಿಗಳನ್ನು ‘ಊ’ ಎನ್ನುವಂತೆ ದುಂಡಗೆ ಮಾಡಿದರೆ ಅದು ಹೊರಡುತ್ತದೆ. ‘ಮೇಲೆ’, ‘ಕೆಳಗೆ’ ಎಂಬ ಅರ್ಥದ ಎರಡು ಫ್ರೆಂಚ್ ಶಬ್ದಗಳಿಗೆ ಉಚ್ಚಾರದಲ್ಲಿ ಈ ಒಂದು ಸ್ವರದ್ದೇ ವ್ಯತ್ಯಾಸ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ‘ದಸು’ ಎಂದೇ ಆಗಿಬಿಡುತ್ತವೆ. ಇನ್ನೊಂದು, ಲಿಂಗ. ನಮಗೆ ಮೇಜೂ ಪುಸ್ತಕವೂ ನಪುಂಸಕ. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಆದುದರಿಂದ ‘ತಾಬ್ಲ್’ ಎಂದಷ್ಟೇ ಕಲಿಯದೆ ‘ಲಾ ತಾಬ್ಲ್’ ಎಂದು ಜೋಡಿಯಾಗಿಯೇ ಕಲಿಯಬೇಕು. ಬರೆದಂತೆ ಓದುವ ನಮ್ಮ ಅಭ್ಯಾಸವೂ ಅಲ್ಲಿ ಸಲ್ಲದು. ಪದಾಂತ್ಯದ ಅಕ್ಷರಗಳು ಅನೇಕ ಕಡೆ ಮೌನ. ಇಲ್ಲಿ ವಿಡಿಯೊ ನಿಜಕ್ಕೂ ಉಪಕಾರಿ: ಕಿವಿಗೆ ಧ್ವನಿ ಸಿಗುತ್ತದೆ, ಕಣ್ಣಿಗೆ ತುಟಿಯ ಆಕಾರ ಕಾಣುತ್ತದೆ.

ಆದರೆ ನೋಡಿದ್ದೆಲ್ಲ ಕಲಿತದ್ದಲ್ಲ. ಅಂದು ನಾನು ನನಗೆ ಬರುವ ಅಲ್ಪ ಫ್ರೆಂಚಿನಲ್ಲಿ “ಕೊಮಾಂ ತು ತಾಪೆಲ್?” ಎಂದು ಹೆಸರು ಕೇಳಿದೆ. ಅವಳಿಗೆ ಅರ್ಥವಾಯಿತು, ನಕ್ಕಳು; ಉತ್ತರ ಮಾತ್ರ ಬಾಯಿಗೆ ಬರಲಿಲ್ಲ. ಒಂದು ಪಾಠ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಬರುತ್ತಿದ್ದುದರಿಂದ ಅವಳು ಬಾಯಿ ತೆರೆದದ್ದೇ ಇರಲಿಲ್ಲ.

ಹೀಗೆ ಮಾಡಬಹುದು. ಒಂದೇ ಪಾಠವನ್ನು ಮೂರು ದಿನ ಇಟ್ಟುಕೊಳ್ಳಿ. ಮೊದಲ ದಿನ ನೋಡಿ, ಬಳಿಕ ಕಣ್ಣು ಮುಚ್ಚಿ ಕೇಳಲಿ. ಎರಡನೆಯ ದಿನ ವಾಕ್ಯ ವಾಕ್ಯಕ್ಕೆ ನಿಲ್ಲಿಸಿ ಗಟ್ಟಿಯಾಗಿ ಹೇಳಲಿ. ಮೂರನೆಯ ದಿನ ತನ್ನ ಹೆಸರು, ತನ್ನ ಊರು ಸೇರಿಸಿ ಹೊಸ ವಾಕ್ಯ ಮಾಡಿ, ಫ್ರೆಂಚ್ ಕಾಗುಣಿತದಲ್ಲೇ ಬರೆಯಲಿ. ಅನಂತರ ಪಾಠವನ್ನು ಮನೆಯವರಿಗೆ ಕನ್ನಡದಲ್ಲಿ ವಿವರಿಸಲಿ. ತಂದೆತಾಯಿಗೆ ಫ್ರೆಂಚ್ ಬರಬೇಕಾಗಿಲ್ಲ, ಕೇಳುವ ತಾಳ್ಮೆ ಇದ್ದರೆ ಸಾಕು. ಫ್ರೆಂಚ್ ಭಾಷೆಯ ಅಂತಾರಾಷ್ಟ್ರೀಯ ವಾಹಿನಿ ಟಿವಿ5ಮೊಂದ್ ಆರಂಭಿಕರಿಗಾಗಿ ಉಚಿತವಾಗಿ ಒದಗಿಸುವ ವಿಡಿಯೊ ಪಾಠಗಳಿಗೆ ಅಭ್ಯಾಸಗಳೂ ಜೊತೆಗಿವೆ; ಬಿಡಿ ವಿಡಿಯೊಗಳಿಗಿಂತ ಅಂಥ ಕ್ರಮಬದ್ಧ ಪಾಠ ಲೇಸು.

ಮೊನ್ನೆ ಸಂಜೆ ಅವಳು ಮತ್ತೆ ಎದುರಾದಳು. ಈ ಬಾರಿ “ಬೊಂಸ್ವಾರ್” ಎಂದು, “ಕೊಮಾಂ ತಾಲೇ ವೂ?” ಎಂದು ಕೇಳಿದಳು. “ಏನೆಂದೆ?” ಎಂದರು ತಾಯಿ. “ನೀವು ಹೇಗಿದ್ದೀರಿ ಎಂದೆ. ಹಿರಿಯರಲ್ಲವೆ, ‘ತು’ ಎನ್ನಬಾರದು” ಎಂದು ಕನ್ನಡದಲ್ಲಿ ತಿಳಿಸಿಕೊಟ್ಟಳು. ತಾಯಿ ಮರುಮಾತಾಡದೆ ಅದನ್ನು ಇನ್ನೊಮ್ಮೆ ಹೇಳೆಂದರು.