ಚಿತ್ರ, ಚೀಟಿ, ಮೊಹರು

ಅಂಚೆಯ ಚೀಟಿಗಳನ್ನು ಕೂಡಿಸುವ ಹವ್ಯಾಸವು ನಮ್ಮ ಮನೆಗಳಿಗೆ ಹೊಸದಲ್ಲ. ಚಿತ್ರದ ಕಾರ್ಡುಗಳನ್ನು ಕೂಡಿಸುವವರೂ ಉಂಟು. ಇವೆರಡನ್ನೂ ಬೆಸೆಯುವ ಮೂರನೆಯ ಹವ್ಯಾಸವೊಂದಿರುವುದು. ಅದರ ವಿಷಯವಾಗಿ ಈ ತಿಂಗಳು ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಒಂದು ಚಿತ್ರದ ಕಾರ್ಡನ್ನು ತೆಗೆದುಕೊಂಡು, ಅದೇ ವಸ್ತುವನ್ನು ತೋರಿಸುವ ಅಂಚೆಚೀಟಿಯನ್ನು ಚಿತ್ರದ ಬದಿಗೇ ಅಂಟಿಸಿ, ಆ ವಸ್ತುವಿಗೆ ಸಂಬಂಧಪಟ್ಟ ಊರಿನ ಮೊಹರನ್ನು ಅದರ ಮೇಲೆ ಒತ್ತಿಸಬೇಕು. ಇಂತಹುದಕ್ಕೆ ‘ಮ್ಯಾಕ್ಸಿಮಮ್ ಕಾರ್ಡು’ ಎಂದು ಹೆಸರು. ಮೂರಕ್ಕೂ ಪರಮಾವಧಿಯ ಹೊಂದಿಕೆಯಿರಬೇಕೆಂಬುದೇ ಆ ಹೆಸರಿನ ಅಭಿಪ್ರಾಯ.

ಹೊಂದಿಕೆಯು ಮೂರು ಬಗೆಯದು: ವಸ್ತುವಿನದು, ಸ್ಥಳದ್ದು, ಕಾಲದ್ದು. 1949ನೆಯ ಇಸವಿ ಆಗಸ್ಟ್ 15ರಂದು ಸ್ವತಂತ್ರ ಭಾರತವು ಹೊರಡಿಸಿದ ಚೀಟಿಗಳ ಮಾಲೆಯಲ್ಲಿ ಆರು ಆಣೆಯ ಚೀಟಿಯ ಮೇಲೆ ಗೋಲಗುಮ್ಮಟದ ಚಿತ್ರವಿದ್ದಿತು. ಗೋಲಗುಮ್ಮಟದ ಕಾರ್ಡು, ಅದರ ಮೇಲೆ ಆ ಚೀಟಿ, ಚೀಟಿ ಹೊರಟ ಹೊಸತರಲ್ಲಿಯೇ ಬಿದ್ದ ಬಿಜಾಪುರದ ಮೊಹರು: ಇಷ್ಟು ಕೂಡಿದರೆ ಹೊಂದಿಕೆಯು ಪೂರ್ಣವಾಯಿತು. ಮೊಹರು ಮದರಾಸಿನದಾದರೆ ಸ್ಥಳ ತಪ್ಪಿತು. ಬಹಳ ವರ್ಷಗಳ ಮೇಲಿನದಾದರೆ ಕಾಲ ತಪ್ಪಿತು. 1926ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಗ್ರಾಹಕರ ಒಕ್ಕೂಟವು ಪ್ರದರ್ಶನಗಳಿಗಾಗಿ ಇಂತಹ ನಿಯಮಗಳನ್ನು ಬರೆದಿಟ್ಟಿದೆ. ಚೀಟಿಯು ಒಂದೇ ಇರಬೇಕು, ಚಿತ್ರದ ಬದಿಯಲ್ಲಿಯೇ ಇರಬೇಕು. ಕಾರ್ಡಿನ ಚಿತ್ರವು ಚೀಟಿಯ ಪಡಿಯಚ್ಚಾಗಿರಕೂಡದು ಎಂಬಿವೂ ಅವುಗಳಲ್ಲಿ ಸೇರಿವೆ.

ವಿನೋದಕ್ಕೂ ಇಷ್ಟು ಕಟ್ಟುನಿಟ್ಟೇಕೆಂದು ಕೇಳುವವರಿದ್ದಾರೆ. ಶ್ರವಣಬೆಳಗೊಳದ ಗೊಮ್ಮಟನ ಸಹಸ್ರ ವರ್ಷದ ಉತ್ಸವಕ್ಕಾಗಿ 1981ರಲ್ಲಿ ಒಂದು ಚೀಟಿ ಹೊರಟಿತು. ಅದನ್ನು ಕಾರ್ಕಳದ ಗೊಮ್ಮಟನ ಕಾರ್ಡಿಗೆ ಅಂಟಿಸಿದರೆ ತಪ್ಪೇನು, ಎರಡೂ ಬಾಹುಬಲಿಯೇ ಅಲ್ಲವೆ ಎನ್ನಬಹುದು. ಆದರೆ ಬೆಳಗೊಳದ ಮೂರ್ತಿ ಸುಮಾರು 57 ಅಡಿ, ಕಾರ್ಕಳದ್ದು ಸುಮಾರು 42 ಅಡಿ. ಅದು ಗಂಗರ ಕಾಲದ್ದು, ಇದು 1432ನೆಯ ಇಸವಿಯದು. ಈ ಬೇಡವೆಂಬ ಒಂದು ಮಾತಿನಿಂದ ಮಕ್ಕಳು ಎರಡು ಮೂರ್ತಿಗಳನ್ನು ಬೇರೆಬೇರೆಯಾಗಿ ನೋಡಲು ಕಲಿಯುವರು. ನಿಯಮವಿಲ್ಲದಿದ್ದರೆ ಕಣ್ಣು ಮೇಲೆ ಮೇಲೆಯೇ ಜಾರಿಹೋಗುವುದು.

ಆದರೆ ಬಿಗಿಗೂ ಒಂದು ಎಲ್ಲೆಯುಂಟು. ವಿಶ್ವೇಶ್ವರಯ್ಯನವರ ಗೌರವಾರ್ಥವಾಗಿ, ಅವರು ಬದುಕಿದ್ದಾಗಲೇ, 1960ರ ಸೆಪ್ಟೆಂಬರ್ 15ರಂದು ಚೀಟಿಯೊಂದು ಹೊರಟಿತು. ಅವರ ಭಾವಚಿತ್ರದ ಕಾರ್ಡಿಗೆ ಯಾವ ಊರಿನ ಮೊಹರು ತಕ್ಕದ್ದು? ಹುಟ್ಟಿದ ಮುದ್ದೇನಹಳ್ಳಿಯದೊ, ಕಾರ್ಖಾನೆಯಿರುವ ಭದ್ರಾವತಿಯದೊ, ದಿವಾನಗಿರಿಯ ಮೈಸೂರಿನದೊ? ಹುಟ್ಟು, ಕಾರ್ಯ, ಮರಣ ಇವುಗಳಲ್ಲಿ ಯಾವುದರ ಸಂಬಂಧವಾದರೂ ಸಲ್ಲುವುದೆಂದು ಒಕ್ಕೂಟದವರೇ ಒಪ್ಪುವರು. ಕನ್ನಂಬಾಡಿ ಕಟ್ಟೆಯ ಕಾರ್ಡಿಗೆ ಅವರ ಮುಖದ ಚೀಟಿಯನ್ನು ಅಂಟಿಸಿದರೆ ಮಾತ್ರ ಸಲ್ಲದು. ಚೀಟಿಯಲ್ಲಿ ಮನುಷ್ಯ, ಕಾರ್ಡಿನಲ್ಲಿ ಕಟ್ಟೆ, ವಸ್ತುವೇ ಬೇರೆಯಾಯಿತು. ಸ್ಥಳದಲ್ಲಿ ಆಯ್ಕೆಗೆ ಎಡೆಯುಂಟು, ವಸ್ತುವಿನಲ್ಲಿ ಇಲ್ಲ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಈ ವಿಚಾರವು ಪುಸ್ತಕದ ಮಾತಾಗಿ ಉಳಿಯಲಿಲ್ಲ. ಆ ಮನೆಯ ಅಜ್ಜಿಯವರು 1981ರ ಮಸ್ತಕಾಭಿಷೇಕಕ್ಕೆ ಹೋಗಿದ್ದವರು ಗೊಮ್ಮಟನ ಕಾರ್ಡೊಂದನ್ನು ಕೊಂಡು, ಸುಖವಾಗಿ ತಲಪಿದೆನೆಂದು ನಾಲ್ಕು ಸಾಲು ಬರೆದು, ವಿಳಾಸದ ಪಕ್ಕದಲ್ಲಿ ಆ ಹೊಸ ಚೀಟಿಯನ್ನೇ ಅಂಟಿಸಿ ಅಲ್ಲಿಂದಲೇ ಹಾಕಿದ್ದರು. ಅಜ್ಜಿಯವರು ಈಗಿಲ್ಲ. ಪೆಟ್ಟಿಗೆಯಲ್ಲಿ ಸಿಕ್ಕಿದ ಈ ಕಾರ್ಡನ್ನು ಮೊಮ್ಮಗನು ಹಿರಿಯ ಸಂಗ್ರಾಹಕರೊಬ್ಬರಿಗೆ ತೋರಿಸಿದನು. ಚೀಟಿಯು ಚಿತ್ರದ ಬದಿಯಲ್ಲಿಲ್ಲವಾದುದರಿಂದ ಇದು ಲೆಕ್ಕಕ್ಕಿಲ್ಲವೆಂದು ಅವರು ಹಿಂದಿರುಗಿಸಿದರು. ಹುಡುಗನು ಮನೆಗೆ ಬಂದು ನೀರು ಕಾಯಲಿಟ್ಟನು. ಆವಿ ಹಿಡಿದು ಚೀಟಿಯನ್ನು ಬಿಡಿಸಿ ಮುಂದಿನ ಬದಿಗೆ ಅಂಟಿಸಬೇಕೆಂಬುದು ಅವನ ಯೋಚನೆ. ತಾಯಿಯು ಕೈಹಿಡಿದು, “ಮಗು, ಅಜ್ಜಿಯ ಅಕ್ಷರ ಹರಡಿಹೋದರೆ ಮತ್ತೆ ಬರೆಸುವುದು ಯಾರ ಕೈಯಲ್ಲಿ?” ಎಂದರಂತೆ.

ಆ ತಾಯಿಯ ಮಾತನ್ನೇ ನಾವೂ ಎತ್ತಿಹಿಡಿಯುವೆವು. ಅಕ್ಷರದ ಮಾತು ಹಾಗಿರಲಿ, ಮೊಹರು ಅರ್ಧ ಚೀಟಿಯ ಮೇಲೆ, ಅರ್ಧ ಕಾರ್ಡಿನ ಮೇಲೆ ಬಿದ್ದಿರುತ್ತದೆ. ಚೀಟಿಯನ್ನು ಕಿತ್ತರೆ ಆ ವೃತ್ತವೇ ಒಡೆಯುವುದು; ಇಂಥ ದಿನ ಇಂಥ ಊರಿನಿಂದ ಬಂದಿತೆಂಬ ಸಾಕ್ಷಿಯೇ ಅಳಿಯುವುದು. ನಿಯಮಕ್ಕೆ ಹೊಂದಿಸಹೋಗಿ ನಿಜವಾದುದನ್ನು ಸುಳ್ಳು ಮಾಡಿದಂತಾಗುವುದು. ಹಿರಿಯರು ಹೇಳಿದ ನಿಯಮವೇನೋ ಸರಿಯೇ. ಆದರೆ ಆ ನಿಯಮವು ನಾವು ಇನ್ನು ಮುಂದೆ ಸಿದ್ಧಪಡಿಸುವ ಕಾರ್ಡುಗಳಿಗೆ ಹೇಳಿದ್ದು. ಹಿಂದೆ ಒಬ್ಬರು ಮತ್ತೊಬ್ಬರಿಗೆ ಪ್ರೀತಿಯಿಂದ ಬರೆದ ಕಾಗದವನ್ನು ಅದರಿಂದ ಅಳೆಯತಕ್ಕದ್ದಲ್ಲ.

ಆದುದರಿಂದ ಮನೆಯಲ್ಲಿ ಎರಡು ಪುಸ್ತಕಗಳಿರಲಿ. ಮೊದಲನೆಯದರಲ್ಲಿ ಮೂರು ಹೊಂದಿಕೆಗಳೂ ಕೂಡಿದ ಕಾರ್ಡುಗಳು ಮಾತ್ರ ಸೇರಲಿ; ಅಲ್ಲಿ ನಿಯಮವನ್ನು ಕೂದಲೆಳೆಯಷ್ಟೂ ಸಡಿಲಿಸಬೇಡಿರಿ. ಊರಿಗೆ ಹೋದಾಗ ಕಾರ್ಡನ್ನೂ ಚೀಟಿಯನ್ನೂ ಜೊತೆಗೆ ಒಯ್ದು, ಅಲ್ಲಿನ ಅಂಚೆಯ ಕಚೇರಿಯಲ್ಲಿ ಮೊಹರು ಸ್ಪಷ್ಟವಾಗಿ ಬೀಳುವಂತೆ ವಿನಯದಿಂದ ಕೇಳಿಕೊಳ್ಳಿರಿ. ಎರಡನೆಯ ಪುಸ್ತಕದಲ್ಲಿ ಅರೆಹೊಂದಿಕೆಯವೂ ಮನೆಗೆ ಬಂದ ಹಳೆಯ ಕಾರ್ಡುಗಳೂ ಇರಲಿ. ಮಕ್ಕಳ ಮೊದಲ ಪ್ರಯತ್ನಗಳಿಗೂ ಅಲ್ಲಿ ಸ್ಥಳವಿರಲಿ. ಪ್ರತಿಯೊಂದರ ಕೆಳಗೆ ಯಾವುದು ಹೊಂದಿದೆ, ಯಾವುದು ಹೊಂದಿಲ್ಲವೆಂಬುದನ್ನು ಪುಟದ ಮೇಲೆ ಸೀಸದಕಡ್ಡಿಯಿಂದ ಬರೆಯಿಸಿರಿ. ಹೀಗೆ ಮಾಡಿದರೆ ಮಗುವಿನ ಉತ್ಸಾಹವೂ ಕುಂದದು, ನಿಯಮದ ಮರ್ಯಾದೆಯೂ ಕೆಡದು. ಹೊಂದದುದನ್ನು ಹೊಂದಿತೆಂದು ಬರೆಯದಿರುವುದೊಂದೇ ಎರಡು ಪುಸ್ತಕಗಳಿಗೂ ಸಮಾನವಾದ ಕಟ್ಟಳೆ.